ಕಲ್ಬೋರೆಯ ಏಳು ಬಳೆಗಳು

ಆಷಾಢ ಕಳೆದು ಶ್ರಾವಣದ ಮೊದಲ ವಾರ. ಕಲ್ಬೋರೆಯಲ್ಲಿ ಹೊಗೆಸೊಪ್ಪಿನ ಮೂರನೆಯ ಮುರಿತ ನಡೆದಿತ್ತು. ಬೆಳಗ್ಗೆಯಿಂದ ಜಿನುಗುತ್ತಿದ್ದ ಸೋನೆ ಎಂಟು ಗಂಟೆಯ ಹೊತ್ತಿಗೆ ನಿಂತಿತು. ಗಂಡಸರು ಗಿಡದ ಬುಡದಿಂದ ಹಳದಿ ತಿರುಗಿದ ಎಲೆಗಳನ್ನಷ್ಟೇ ನೋಡಿ ಮುರಿದು, ಹೊರೆ ಕಟ್ಟಿ, ನಿಂಗೇಗೌಡರ ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ತಂದು ಕೆಡವುತ್ತಿದ್ದರು. ಹೆಂಗಸರು ಎದುರುಬದುರು ಕೂತು ಎಲೆಗಳನ್ನು ಉದ್ದನೆಯ ಕಡ್ಡಿಗಳಿಗೆ ದಾರದಲ್ಲಿ ಕಟ್ಟುತ್ತಿದ್ದರು. ಬ್ಯಾರನ್ ಎಂದರೆ ಕಿಟಕಿಯಿಲ್ಲದ ಎತ್ತರದ ಮನೆ. ಹೊರಗಿನ ಒಲೆಗೆ ಸೌದೆ ಒಟ್ಟಿದರೆ ಒಳಗೆ ನೆಲದುದ್ದಕ್ಕೂ ಹಾದ ತಗಡಿನ ಕೊಳವೆಗಳು ಕಾಯುತ್ತವೆ. ಮೇಲೆ ಅಂತಸ್ತು ಅಂತಸ್ತಾಗಿ ತೂಗುಬಿಟ್ಟ ಸೊಪ್ಪು ಐದಾರು ದಿನ ಆ ಕಾವಿನಲ್ಲಿ ಹದವಾಗುತ್ತದೆ.

ದೇವೀರಮ್ಮ ಚಪ್ಪರದ ಕಂಬಕ್ಕೆ ಒರಗಿ ಸುಮ್ಮನೆ ಕೂತಿದ್ದಳು. ಕೈಯಾಡಿಸದೆ ಕೂತು ಅವಳಿಗೆ ಅಭ್ಯಾಸವಿಲ್ಲ. ಎರಡು ಸಲ ಅರಿವಿಲ್ಲದೆ ಎಲೆಗೆ ಕೈ ಹಾಕಿ, ನೆನಪಾಗಿ ಹಿಂದಕ್ಕೆ ಎಳೆದುಕೊಂಡಿದ್ದಳು. ಊರಲ್ಲಿ ಏಳು ಹೆಂಗಸರಿಗೆ ಎರಡು ದಿನ ಸೊಪ್ಪು ಮುಟ್ಟಕೂಡದೆಂದು ಪೇಟೆಯಿಂದ ಅಪ್ಪಣೆಯಾಗಿತ್ತು. ಹಸಿ ಸೊಪ್ಪಿನ ಅಂಟು ಚರ್ಮದೊಳಕ್ಕೆ ಇಳಿದರೆ ಎದೆ ಹೊಡೆದುಕೊಳ್ಳುತ್ತದೆ, ಮುಂಗೈಗೆ ತೊಡಿಸಿದ ಬಳೆ ಅದನ್ನು ತಪ್ಪಾಗಿ ಓದುತ್ತದೆ ಎಂದು ಅಲ್ಲಿನ ಹುಡುಗಿ ವಿವರಿಸಿದ್ದಳು. ಎಷ್ಟೆಲ್ಲಾ ಯೋಚನೆ ಮಾಡಿದ್ದಾರಲ್ಲ ಎಂದು ದೇವೀರಮ್ಮನಿಗೆ ಆಗ ಆಶ್ಚರ್ಯವಾಗಿತ್ತು.

ಪಕ್ಕದಲ್ಲಿ ಕೂತಿದ್ದ ಜವರಮ್ಮನ ಮುಂಗೈಯಲ್ಲೂ ಅದೇ ಬೂದುಬಣ್ಣದ ಪಟ್ಟಿ. ಅದಕ್ಕೆ ಪೇಟೆಯವರು ಏನೋ ಹೆಸರು ಹೇಳಿದ್ದರು, ಊರಿನವರು ಬಳೆ ಅಂದರು.

"ಗಂಡ ಸತ್ತಾಗ ಊರೋರೆಲ್ಲ ಸೇರಿ ಬಳೆ ಒಡ್ಸುದ್ರು," ಅಂದಳು ಜವರಮ್ಮ, ಕೈ ಎತ್ತಿ ತಿರುಗಿಸಿ ತೋರಿಸುತ್ತ. "ಪಾರ್ಟಿಯೋರು ತೊಡ್ಸವ್ರೆ ನೋಡಿ. ಇನ್ನು ಹೂವ ಮುಡ್ಸಕೆ ಯಾವ ಪಾರ್ಟಿ ಬರ್ಬೇಕೋ."

ಹೆಂಗಸರೆಲ್ಲ ನಕ್ಕರು. ನಿಂಗೇಗೌಡರು ಒಲೆಯ ಕಡೆಯಿಂದಲೇ, ಏಳು ಜನದ ಕೆಲಸ ನಿಂತಿದೆ, ಬಾಯಿ ಮಾತ್ರ ನಿಂತಿಲ್ಲ ಎಂದು ಗೊಣಗಿದರು.

ಮೊದಲು ಚುನಾವಣೆ ಟಿಕೆಟ್ಟು ಯಾರಿಗೆ ಎಂಬುದು ದೂರದ ಹೋಟೆಲ್ಲುಗಳಲ್ಲಿ ತೀರ್ಮಾನವಾಗುತ್ತಿತ್ತು. ಆಮೇಲೆ ಜನರನ್ನೇ ಕೇಳುತ್ತೇವೆಂದು ಪಾರ್ಟಿಯವರು ಮನೆಮನೆಗೆ ಬಂದರು. ಜನ ಯಾರು ಬಂದು ಕೇಳಿದರೂ ಅವರ ಹೆಸರನ್ನೇ ಹೇಳಿ ಕಳಿಸಿದರು. ಬಾಯಿಯನ್ನು ನಂಬಿ ಕೆಟ್ಟಮೇಲೆ ಮೈಯನ್ನು ಕೇಳುವ ಉಪಾಯ ಬಂತು. ಟಿಕೆಟ್ ಬೇಡುವ ಇಬ್ಬರನ್ನು ಟೀವಿಯಲ್ಲಿ ಎದುರುಬದುರು ನಿಲ್ಲಿಸಿ ಚರ್ಚೆ ಮಾಡಿಸುವುದು. ಕ್ಷೇತ್ರದ ಇಪ್ಪತ್ತು ಊರುಗಳಲ್ಲಿ ಚೀಟಿ ಎತ್ತಿ, ಊರಿಗೆ ಏಳು ಜನರಂತೆ ಆರಿಸಿ ಬಳೆ ತೊಡಿಸುವುದು. ನಾಡಿಯ ಓಟ, ಬೆರಳಿನ ಬಿಸಿ, ಚರ್ಮದ ಬೆವರು ಇವನ್ನೆಲ್ಲ ಕೂಡಿಸಿ ಕಳೆದು, ಮಾತಾಡುತ್ತಿರುವವರು ಈ ಮೈಗೆ ಬೇಕೋ ಬೇಡವೋ ಎಂದು ಬಳೆ ಗಳಿಗೆ ಗಳಿಗೆಗೂ ಬರೆದುಕೊಳ್ಳುತ್ತದೆ. ತೊಟ್ಟವರಿಗೆ ಏನೂ ಕಾಣುವುದಿಲ್ಲ. ಕಂಡರೆ ಮೈಯೂ ಸುಳ್ಳು ಕಲಿಯುತ್ತದಂತೆ.

ಈ ಪದ್ಧತಿ ಬರಬೇಕೆಂದು ಪಾರ್ಟಿಯೊಳಗೆ ಎಲ್ಲರಿಗಿಂತ ಹೆಚ್ಚು ಜಗಳ ಆಡಿದವಳು ಚೆಲುವಾಜಮ್ಮ. ಇವತ್ತು ಸಂಜೆ ಚರ್ಚೆಗೆ ನಿಲ್ಲುವವಳೂ ಅವಳೇ. ಕಲ್ಬೋರೆಯವಳು, ಹಿಂದೆ ಇಲ್ಲಿಯ ಅಂಗನವಾಡಿಯಲ್ಲಿದ್ದಳು. ಊರಿಗೆ ಚೆಲುವಕ್ಕ. ಗೆದ್ದರೆ ಎರಡು ಕೆಲಸ ಮಾಡಿಸುತ್ತೇನೆ ಅಂದಿದ್ದಳು. ಎಲೆ ಬಿದ್ದು ಹೊತ್ತಿಕೊಳ್ಳದಂತೆ ಪ್ರತಿ ಬ್ಯಾರನ್ನಿನ ಕೊಳವೆಯ ಮೇಲೂ ತಂತಿಬಲೆ ಇರಲೇಬೇಕೆಂಬ ಕಾನೂನು ಒಂದು, ಸೊಪ್ಪಿನ ಕಾಲದಲ್ಲಿ ಕೂಲಿಯವರ ಮಕ್ಕಳನ್ನು ನೋಡಿಕೊಳ್ಳಲು ಊರಿಗೊಂದು ಮನೆ ಮತ್ತೊಂದು. ಬಲೆ ಹಾಕಿಸಿ ಗೌಡ್ರೆ ಎಂದು ದೇವೀರಮ್ಮ ಎಷ್ಟೋ ವರ್ಷದಿಂದ ಕೇಳಿದ್ದಳು. ನಿಂಗೇಗೌಡರು ಕೆಟ್ಟವರೇನಲ್ಲ. ಕಾನೂನು ಬರಲಿ, ಎಲ್ಲರ ಜೊತೆಗೆ ಹಾಕಿಸೋಣ ಅನ್ನುತ್ತಿದ್ದರು.

ಚೀಟಿಯಲ್ಲಿ ತನ್ನ ಹೆಸರು ಬಂದ ದಿನ ದೇವೀರಮ್ಮ ದೇವರ ಮುಂದೆ ಎರಡು ದೀಪ ಹಚ್ಚಿದ್ದಳು. ಹನ್ನೆರಡು ವರ್ಷದಿಂದ ಅವಳ ತಲೆಯ ಮೇಲಿದ್ದ ಒಂದು ಋಣವನ್ನು ಇಳಿಸಲು ಕೊನೆಗೂ ದಾರಿ ಸಿಕ್ಕಿತ್ತು.

ಹದಿನೈದು ದಿನದ ಹಿಂದೆ ಅಳತೆಗೆಂದು ಏಳೂ ಜನರನ್ನು ಪೇಟೆಗೆ ಕರೆಸಿದ್ದರು. ಮುಚ್ಚಿಹೋದ ಒಂದು ಸಿನಿಮಾ ಟಾಕೀಸನ್ನು ಬಾಡಿಗೆಗೆ ಹಿಡಿದು, ಕುರ್ಚಿಗಳನ್ನೆಲ್ಲ ಕಿತ್ತು, ಸಾಲಾಗಿ ಗಾಜಿನ ಕೋಣೆಗಳನ್ನು ಮಾಡಿದ್ದರು. ದೇವೀರಮ್ಮನ ಕೋಣೆಯಲ್ಲಿದ್ದವಳು ನಿವೇದಿತಾ ಎಂಬ ಇಂಜಿನಿಯರು, ಇಪ್ಪತ್ತೈದರ ಒಳಗಿನವಳು, ನಯವಾದ ಮಾತಿನವಳು. ಒಬ್ಬೊಬ್ಬರ ಮೈ ಒಂದೊಂದು ಥರ ಇರುತ್ತೆ ಅಮ್ಮ, ನಿಮ್ಮ ಮೈ 'ಬೇಕು' ಅನ್ನೋದು ಹೇಗೆ, 'ಬೇಡ' ಅನ್ನೋದು ಹೇಗೆ ಅಂತ ಬಳೆಗೆ ಮೊದಲು ಕಲಿಸಬೇಕು ಎಂದಳು.

ತುಂಬ ಇಷ್ಟವಾದದ್ದನ್ನು ನೆನೆಸಿಕೊಳ್ಳಿ ಎಂದಾಗ ದೇವೀರಮ್ಮ ಮಗಳು ಪವಿತ್ರ ಹತ್ತನೇ ಕ್ಲಾಸು ಪಾಸಾದ ದಿನವನ್ನು ನೆನೆದಳು. ಯಂತ್ರಕ್ಕೆ ಅದು ಸಾಲಲಿಲ್ಲ. ಇನ್ನೂ ಸ್ವಲ್ಪ ಗಟ್ಟಿಯಾಗಿ ನೆನೆಸಿಕೊಳ್ಳಿ ಅಮ್ಮ ಎಂದು ನಿವೇದಿತಾ ನಾಲ್ಕು ಸಲ ಹೇಳಬೇಕಾಯಿತು.

"ಈಗ ಬೇಡವೇ ಬೇಡ ಅನ್ನಿಸಿದ್ದು. ಜನ್ಮದಲ್ಲಿ ಇನ್ನೊಂದು ಸಲ ಬರಬಾರದು ಅನ್ನೋ ಅಂಥದ್ದು. ಬಾಯಲ್ಲಿ ಹೇಳೋದೇನೂ ಬೇಡ, ಮನಸ್ಸಲ್ಲಿ ತಂದ್ಕೊಂಡ್ರೆ ಸಾಕು."

ಪೇಟೆಯವರು ಇಂಥ ಕಡೆ ಜಿರಲೆಯನ್ನೋ ಕೊಳೆತ ಮೊಟ್ಟೆಯನ್ನೋ ನೆನೆಯುತ್ತಾರಂತೆ. ದೇವೀರಮ್ಮನಿಗೆ ಅದು ಗೊತ್ತಿರಲಿಲ್ಲ. ಕೇಳಿದ್ದಕ್ಕೆ ಮೋಸವಿಲ್ಲದೆ ಕೊಡಬೇಕು ಎಂಬುದಷ್ಟೇ ಅವಳಿಗೆ ಗೊತ್ತಿದ್ದದ್ದು. ಅವಳು ಕಣ್ಣು ಮುಚ್ಚಿ ಆ ದಿನವನ್ನು ತಂದುಕೊಂಡಳು. ಮಧ್ಯಾಹ್ನದ ಮಳೆ. ಬೇರೊಬ್ಬ ಸಾಹುಕಾರರ ಬ್ಯಾರನ್ನು. ಚಳಿಗೆ ಮೂರು ಮಕ್ಕಳು ಬ್ಯಾರನ್ನಿನ ಗೋಡೆಗೆ ಒತ್ತಿಕೊಂಡ ಮಾಡಿನಲ್ಲಿ ಬೆಚ್ಚಗೆ ಮಲಗಿದ್ದವು. ಒಳಗೆ ಒಂದು ಒಣಗಿದ ಎಲೆ ಕಳಚಿ ಕೆಂಡದಂಥ ಕೊಳವೆಯ ಮೇಲೆ ಬಿದ್ದು ಹೊತ್ತಿಕೊಂಡಿತು. ಸೂರು ಕುಸಿಯುವುದಕ್ಕೆ ಒಂದು ಎಲೆಯಡಿಕೆ ಮೆಲ್ಲುವಷ್ಟು ಹೊತ್ತೂ ಹಿಡಿಯಲಿಲ್ಲ. ಅಂಗನವಾಡಿಯಿಂದ ಓಡಿಬಂದ ಚೆಲುವಕ್ಕ ಹೊಗೆಯೊಳಕ್ಕೆ ನುಗ್ಗಿ ನಾಲ್ಕು ವರ್ಷದ ಪವಿತ್ರಳನ್ನು ಎತ್ತಿ ತಂದಳು. ಮತ್ತೆ ಒಳಕ್ಕೆ ಹೋದಳು. ಬರಿಗೈಯಲ್ಲಿ ಬಂದಳು, ಬಲಗೈ ಮೊಣಕೈಯವರೆಗೆ ಸುಟ್ಟಿತ್ತು. ಜವರಮ್ಮನ ಮೊಮ್ಮಗಳು ಮತ್ತು ದೇವೀರಮ್ಮನ ಆರು ವರ್ಷದ ನಂದೀಶ ಒಳಗೇ ಉಳಿದರು.

"ಸಾಕು ಅಮ್ಮ, ಸಾಕು," ಎಂದು ನಿವೇದಿತಾ ತಡೆದಳು. "ಒಂದೇ ಸಲಕ್ಕೆ ಬಂತು. ಇಷ್ಟು ಚೆನ್ನಾಗಿ ಯಾರದ್ದೂ ಬಂದಿಲ್ಲ."

ಹೊರಗೆ ಬಂದಾಗ ಜವರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ನೀನು ಏನ ನೆನೆಸ್ಕೊಂಡೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಉಳಿದ ಐವರೂ ಬಸ್ಸಿನಲ್ಲಿ ಊರು ಬರುವ ತನಕ ಕಿಟಕಿ ಕಡೆ ನೋಡುತ್ತಲೇ ಕೂತಿದ್ದರು.

ಸಂಜೆ ಏಳಕ್ಕೆ ಚರ್ಚೆ. ಜವರಮ್ಮನ ಮನೆಯಲ್ಲಿ ಟೀವಿ ಇಲ್ಲದ್ದರಿಂದ ದೇವೀರಮ್ಮನ ಮನೆಗೆ ಬಂದು ಕೂತಳು. ಪವಿತ್ರ ಇಬ್ಬರಿಗೂ ಕಾಫಿ ಕೊಡಲು ಹೋದರೆ, ಕಾಫಿಯೂ ಕುಡಿಯಬಾರದಂತೆ ಎಂದು ದೇವೀರಮ್ಮ ತಡೆದಳು. ಅವಳು ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿಕೊಂಡಿದ್ದಳು. ಚೆಲುವಕ್ಕ ಬಾಯಿ ತೆರೆದಾಗಲೆಲ್ಲ ಪವಿತ್ರಳ ಮುಖ ನೋಡುವುದು. ಅದಕ್ಕಾಗಿಯೇ ಮಗಳನ್ನು ಟೀವಿಯ ಪಕ್ಕಕ್ಕೆ ಕೂರಿಸಿದ್ದಳು.

ಎದುರಾಳಿ ಸೋಮಸುಂದರ್ ಸೌದೆ ವ್ಯಾಪಾರದಲ್ಲಿ ಬೆಳೆದ ಮನೆಯವನು. ದನಿ ಏರಿಸದೆ ನಗುನಗುತ್ತಾ ಮಾತಾಡುತ್ತಿದ್ದ. ಇವನ ಮಾತು ಜೋಗುಳದಂಗೆ ಅದೆ, ನಿದ್ದೆ ಬರ್ತದೆ ಎಂದು ಜವರಮ್ಮ ಆಕಳಿಸಿದಳು. ಚೆಲುವಕ್ಕ ಒಂದು ಸಣ್ಣ ತಂತಿಬಲೆಯ ಸುರುಳಿಯನ್ನು ತಂದಿದ್ದಳು. ಅದನ್ನು ಮೇಜಿನ ಮೇಲೆ ಬಿಡಿಸಿ, ಕೊಳವೆಯ ಮೇಲೆ ಇದನ್ನು ಹೇಗೆ ಹಾಸುವುದು, ಬಿದ್ದ ಎಲೆ ಇದರ ಮೇಲೆ ಹೇಗೆ ನಿಲ್ಲುತ್ತದೆ ಎಂದು ಅಂಗನವಾಡಿಯಲ್ಲಿ ಮಕ್ಕಳಿಗೆ ಹೇಳುತ್ತಿದ್ದಂತೆ ಹೇಳಿದಳು. ದೇವೀರಮ್ಮ ಮಗಳ ಮುಖ ನೋಡುತ್ತಿದ್ದಳು. ಎಲ್ಲ ಸರಿಯಾಗಿಯೇ ನಡೆದಿತ್ತು.

ಮುಕ್ಕಾಲು ಗಂಟೆಯಾದ ಮೇಲೆ ಸೋಮಸುಂದರ್ ನಗುತ್ತಲೇ ಒಂದು ಮಾತು ಎಸೆದ. "ಚೆಲುವಾಜಮ್ಮನವರು ಬಲೆ ಹಿಡಿದುಕೊಂಡು ಊರೂರು ತಿರುಗುತ್ತಾರೆ. ತಮ್ಮ ಸ್ವಂತ ಊರಿನ ಮಕ್ಕಳಿಗೆ ಅವರು ಏನು ಮಾಡಿದರು ಅಂತ ಒಂದು ಸಲ ಹೇಳಲಿ."

ಚೆಲುವಕ್ಕ ಬಿಡಿಸಿದ್ದ ಬಲೆಯನ್ನು ಸುತ್ತಿ ಪಕ್ಕಕ್ಕಿಟ್ಟಳು. ಆ ದಿನದ ಮಾತನ್ನು ಅವಳು ಹನ್ನೆರಡು ವರ್ಷದಲ್ಲಿ ಯಾವ ವೇದಿಕೆಯ ಮೇಲೂ ಎತ್ತಿದವಳಲ್ಲ. ಆಮೇಲೆ ಸೀರೆಯ ಸೆರಗಿನಿಂದ ಬಲಗೈ ಹೊರಗೆ ತೆಗೆದು ಮೇಜಿನ ಮೇಲೆ ಇಟ್ಟಳು. ಸುಕ್ಕುಗಟ್ಟಿದ ಚರ್ಮ ಟೀವಿಯ ತುಂಬ ಕಂಡಿತು.

"ಒಂದು ಮಗೂನ ತಂದೆ," ಎಂದಳು. "ಇನ್ನೆರಡು ಒಳಗೆ ಉಳ್ಕೊಂಡ್ವು. ಹುಡುಗ ಸಿಗಲೇ ಇಲ್ಲ ಅಂತ ಅವರ ಅವ್ವಂಗೆ ಹೇಳಿದ್ದೆ. ಸಿಕ್ಕಿದ್ದ. ಅವನ ಕೈ ನನ್ನ ಕೈಯಲ್ಲಿತ್ತು. ಜಾರ್ತು."

ದೇವೀರಮ್ಮ ಮಗಳ ಮುಖ ನೋಡುವುದನ್ನು ಮರೆತಳು. ಜವರಮ್ಮ ಎದ್ದು ಬಾಗಿಲ ಕಡೆ ಹೋಗಿ ಹೊಸಿಲ ಮೇಲೆ ಕುಸಿದು ಕೂತಳು. ಟೀವಿಯಲ್ಲಿ ಚೆಲುವಕ್ಕ ಇನ್ನೂ ಏನೋ ಹೇಳುತ್ತಿದ್ದಳು, ಬಲೆಯೊಂದು ಇದ್ದಿದ್ದರೆ ಎಂಬ ಮಾತು ಇತ್ತು. ದೇವೀರಮ್ಮನಿಗೆ ಅದು ಕೇಳಿಸಲಿಲ್ಲ. ಮೂಗಿನಲ್ಲಿ ಹೊಗೆ ಕಟ್ಟಿತ್ತು. ಬಳೆಯ ಕೆಳಗೆ ಕೈ ಹಿಮದಂತೆ ತಣ್ಣಗಾಗಿತ್ತು. ಪವಿತ್ರ ಬಂದು ಅವ್ವನ ಭುಜ ಹಿಡಿದು ಅಲ್ಲಾಡಿಸುವ ಹೊತ್ತಿಗೆ ಚರ್ಚೆ ಮುಗಿದು ಜಾಹೀರಾತು ಬರುತ್ತಿತ್ತು.

ಮಾರನೆಯ ಬೆಳಗ್ಗೆ ಫಲಿತಾಂಶ ಊರುವಾರಾಗಿ ಟೀವಿಯಲ್ಲಿ ಬಂತು. ಹತ್ತೊಂಬತ್ತು ಊರುಗಳಲ್ಲಿ ಇಬ್ಬರೂ ಸರಿಸುಮಾರು ಒಂದೇ ಸಮ, ಚೆಲುವಾಜಮ್ಮ ಕೂದಲೆಳೆಯಷ್ಟು ಮುಂದೆ. ಇಪ್ಪತ್ತನೆಯದು ಕಲ್ಬೋರೆ. ಏಳಕ್ಕೆ ಏಳೂ ಬಳೆ ಚೆಲುವಾಜಮ್ಮ ಬೇಡ ಎಂದಿದ್ದವು. ಅವಳು ತನ್ನ ಊರಿನ ಮಾತಾಡಿದ ಆ ನಾಲ್ಕು ನಿಮಿಷದಲ್ಲಿ ಇಡೀ ಕ್ಷೇತ್ರದಲ್ಲೇ ಎಲ್ಲಕ್ಕಿಂತ ಗಟ್ಟಿಯಾದ 'ಬೇಡ' ದಾಖಲಾಗಿತ್ತು. ಹುಟ್ಟಿದ ಊರೇ ತಿರಸ್ಕರಿಸಿತು, ಸತ್ತ ಮಕ್ಕಳನ್ನು ಓಟಿಗೆ ಬಳಸಿಕೊಂಡದ್ದನ್ನು ಜನ ಕ್ಷಮಿಸಲಿಲ್ಲ ಎಂದು ಟೀವಿಯ ಪಂಡಿತರು ವಿವರಿಸಿದರು. ಟಿಕೆಟ್ಟು ಸೋಮಸುಂದರನಿಗೆ ಹೋಯಿತು.

ಚಪ್ಪರದಲ್ಲಿ ಯಾರೂ ಆ ಏಳು ಜನರ ಜೊತೆ ಮಾತಾಡಲಿಲ್ಲ. ಯಾವಳ ಮನಸ್ಸಲ್ಲಿ ಏನಿತ್ತೋ ಕನ್ರವ್ವ, ನಮಗೆ ಹೆಂಗೆ ಗೊತ್ತಾಗಬೇಕು ಎಂದು ಒಬ್ಬಳು ಎಲೆ ಕಟ್ಟುತ್ತ ಎಲೆಗೇ ಹೇಳುವಂತೆ ಹೇಳಿದಳು. ಜವರಮ್ಮನ ಬಾಯಿಂದ ಆ ದಿನ ಒಂದು ತಮಾಷೆಯೂ ಬರಲಿಲ್ಲ.

ದೇವೀರಮ್ಮ ಹತ್ತು ಗಂಟೆಯ ಬಸ್ಸಿಗೆ ಪೇಟೆಗೆ ಹೋದಳು. ಟಾಕೀಸಿನಲ್ಲಿ ಆಗಲೇ ತಂತಿಗಳನ್ನು ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದರು. ಅವಳು ಬಳೆ ವಾಪಸು ಕೊಡಲು ಬಂದಿದ್ದಾಳೆಂದು ತಿಳಿದು ನಿವೇದಿತಾ ಕೈ ಚಾಚಿದಳು.

"ಕೊಡ್ತೀನಿ," ಅಂದಳು ದೇವೀರಮ್ಮ. "ನನ್ ಬೇಡ ಅನ್ನೋದ ಮೊದ್ಲು ಅಳಿಸ್ಬುಡಿ. ನಾನು ಹಂಗೆ ಅಂದಿಲ್ಲ."

ಬಳೆ ಓದಿದ್ದನ್ನು ಬಾಯಿಮಾತಿನ ಮೇಲೆ ತಿದ್ದುವ ಹಾಗಿಲ್ಲ ಅಮ್ಮ, ಅದಕ್ಕೇ ಅಲ್ಲವೇ ಇದನ್ನೆಲ್ಲ ಮಾಡಿದ್ದು ಎಂದು ಹುಡುಗಿ ಸಮಾಧಾನದಿಂದಲೇ ಹೇಳಿದಳು. ದೇವೀರಮ್ಮ ಅಲ್ಲಿಂದ ಕದಲಲಿಲ್ಲ. ಕೊನೆಗೆ ನಿವೇದಿತಾ, ಬೇಕಾದರೆ ನೋಡಿ ಎಂದು ಪರದೆಯ ಮೇಲೆ ಅವಳ ಗೆರೆಯನ್ನು ತೆಗೆದಳು. ಮುಕ್ಕಾಲು ಗಂಟೆ ಸಮವಾಗಿ ಓಡಿದ ನೀಲಿ ಗೆರೆ ಒಂದು ಕಡೆ ಬಾವಿಗೆ ಬಿದ್ದಂತೆ ಬಿದ್ದಿತ್ತು. ಅದರ ಮೇಲೆ ಅಳತೆಯ ದಿನದ ಕೆಂಪು ಗೆರೆಯನ್ನು ತಂದು ಕೂರಿಸಿದಳು. ಎರಡೂ ಒಂದಾಗಿಹೋದವು. ಕೆಂಪು ಯಾವುದು ನೀಲಿ ಯಾವುದು ಎಂದು ಬಿಡಿಸಿ ಹೇಳುವುದಕ್ಕಾಗಲಿಲ್ಲ.

ನಿವೇದಿತಾ ಪರದೆಗೆ ಹತ್ತಿರವಾದಳು. ಬೆರಳಾಡಿಸಿ ಕಲ್ಬೋರೆಯ ಇನ್ನೊಂದು ಗೆರೆ ತೆಗೆದಳು, ಮತ್ತೊಂದು ತೆಗೆದಳು. ಏಳೂ ಹಾಗೇ ಇದ್ದವು.

"ಅಮ್ಮ, ಅವತ್ತು ನೀವು ಏನನ್ನ ನೆನೆಸ್ಕೊಂಡಿದ್ರಿ?"

ದೇವೀರಮ್ಮ ಹೇಳಿದಳು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಪೆಟ್ಟಿಗೆ ತುಂಬುತ್ತಿದ್ದವರೂ ಕೈ ನಿಲ್ಲಿಸಿದರು.

ನಿವೇದಿತಾ, ದುಃಖಕ್ಕೂ ಬೇಡ ಅನ್ನುವುದಕ್ಕೂ ವ್ಯತ್ಯಾಸ ಇದೆ ಅಂತ ಇದಕ್ಕೆ ನಾವು ಕಲಿಸಲೇ ಇಲ್ಲ ಎಂದಳು. ಅಂಟಿನ ವಿಷಯ ಯೋಚನೆ ಮಾಡಿದ್ದೆವು, ಕಾಫಿಯ ವಿಷಯ ಯೋಚನೆ ಮಾಡಿದ್ದೆವು ಎಂದಳು. ಮೇಲಿನವರಿಗೆ ಇವತ್ತೇ ಬರೆಯುತ್ತೇನೆ, ಮುಂದಿನ ಚುನಾವಣೆಗೆ ಅಳತೆಯ ಕ್ರಮ ಬದಲಾಗಬಹುದು, ಈ ಸಲದ್ದು ಆಗಿಹೋಯಿತು ಎಂದು ತಲೆ ಎತ್ತದೆ ಹೇಳಿದಳು. ಬಳೆಯನ್ನು ಬಿಚ್ಚಿಕೊಂಡು, ಅದನ್ನು ಕಟ್ಟಿದ್ದ ಜಾಗವನ್ನು ತನ್ನ ಹೆಬ್ಬೆರಳಿನಿಂದ ಒಂದು ಸಲ ಸವರಿದಳು.

ಚೆಲುವಕ್ಕನ ಮನೆ ಈಗ ಪೇಟೆಯ ಬಸ್‌ಸ್ಟ್ಯಾಂಡಿನ ಹಿಂದೆ. ದೇವೀರಮ್ಮ ಹೋದಾಗ ಅವಳು ಹಿತ್ತಿಲಲ್ಲಿ ಒಬ್ಬಳೇ ಪಾತ್ರೆ ತೊಳೆಯುತ್ತಿದ್ದಳು. ದೇವೀರಮ್ಮ ತಂದಿದ್ದ ಚೀಲದಲ್ಲಿ ಹೊಲದ ಬದುವಿನ ಎರಡು ಸೋರೆಕಾಯಿ ಇದ್ದವು. ಜಗಲಿಯ ಮೇಲೆ ಕೂತು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಗಾಜಿನ ಕೋಣೆ, ಕೆಂಪು ಗೆರೆ, ನೀಲಿ ಗೆರೆ, ಏಳು ಜನರೂ ಅದೇ ದಿನವನ್ನು ಕೊಟ್ಟದ್ದು.

ಚೆಲುವಕ್ಕ ಕೇಳಿಸಿಕೊಂಡಳು. ಸೆರಗಿನಿಂದ ಕೈ ಒರೆಸಿಕೊಂಡಳು, ಎಡಗೈ ಮೊದಲು, ಆಮೇಲೆ ಸುಟ್ಟ ಕೈ.

"ಬುಡು ದೇವೀರಿ," ಎಂದಳು. "ನನ್ ಸಮಾಧಾನಕ್ಕೆ ಅಂತ ಇಷ್ಟು ದೂರ ಬಂದಿದ್ದೀಯ. ಬಾಯಿ ನಂಬ್ಬೇಡಿ, ಮೈ ಕೇಳಿ ಅಂತ ಹೇಳ್ದೋಳೇ ನಾನು. ಈಗ ನಿನ್ ಬಾಯಿ ನಂಬ್ಲಾ?"

"ನಿನ್ನಾಣೆಗೂ ನಾನು ಬೇಡ ಅನ್ನಲಿಲ್ಲ ಚೆಲುವಕ್ಕ."

"ಸಿಗಲೇ ಇಲ್ಲ ಅಂತ ಹನ್ನೆರಡು ವರ್ಷ ನಿಂಗೆ ಸುಳ್ಳು ಹೇಳ್ಕೊಂಡು ಬಂದೆ. ಎದುರಿಗೆ ಹೇಳಾಕೆ ಧೈರ್ಯ ಬರ್ನಿಲ್ಲ, ಟೀವಿಲಿ ಹೇಳ್ದೆ. ಅವನ ಕೈ ಸಿಕ್ಕಿತ್ತು, ಜಾರ್ತು ಅಂತ ಕೇಳ್ದಾಗ..." ಚೆಲುವಕ್ಕ ಅವಳ ಮುಖವನ್ನು ನೇರವಾಗಿ ನೋಡಿದಳು. "ಒಂದು ಗಳಿಗೆನಾದ್ರೂ ನನ್ನ ಕಂಡ್ರೆ ಆಗದಂಗೆ ಅನ್ನಿಸ್ನಿಲ್ವಾ?"

ಇಲ್ಲ ಅನ್ನಬೇಕಿತ್ತು. ಇಲ್ಲ ಅನ್ನುವುದಕ್ಕೇ ಅವಳು ಬಂದದ್ದು. ದೇವೀರಮ್ಮ ಉಸಿರೆಳೆದುಕೊಂಡಳು. ನಿನ್ನೆಯ ಆ ನಾಲ್ಕು ನಿಮಿಷದಲ್ಲಿ ತನ್ನೊಳಗೆ ಏನಿತ್ತು, ಏನಿರಲಿಲ್ಲ ಎಂದು ಹುಡುಕಿದಳು. ಹೊಗೆ ಇತ್ತು. ನಂದೀಶನ ಸಣ್ಣ ಕೈ ಇತ್ತು. ಇನ್ನೇನಾದರೂ ಇತ್ತೇ ಎಂದು ಹುಡುಕುತ್ತಿರುವಾಗ ಆ ಉಸಿರು ಬೇಕಾದ್ದಕ್ಕಿಂತ ಉದ್ದವಾಗಿಹೋಯಿತು.

"ಇಲ್ಲ," ಎಂದಳು.

ಚೆಲುವಕ್ಕ ತಲೆಯಾಡಿಸಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಪವಿತ್ರ ಹೆಂಗೆ ಓದ್ತಾಳೆ ಎಂದು ಕೇಳಿದಳು. ಕಾಲೇಜು ಬಿಡಿಸಬೇಡ ಎಂದಳು. ಬಲವಂತ ಮಾಡಿ ಅನ್ನ ಹಾಕಿದಳು. ದೇವೀರಮ್ಮ ಹೊರಟಾಗ, ಬಂದ ಚೀಲವನ್ನು ಬರಿದಾಗಿ ಕಳಿಸಬಾರದೆಂದು ಒಳಗೆ ಹುಡುಕಾಡಿದಳು. ಮನೆಯಲ್ಲಿ ಕೊಡುವಂಥದ್ದು ಏನೂ ಕಾಣದೆ, ಚರ್ಚೆಯಲ್ಲಿ ತೋರಿಸಿದ್ದ ತಂತಿಬಲೆಯ ಸುರುಳಿಯನ್ನು ತಂದು ಚೀಲದಲ್ಲಿಟ್ಟಳು.

"ಕಾನೂನಂತೂ ಮಾಡಕಾಗ್ನಿಲ್ಲ," ಎಂದಳು. "ಇದನ್ನಾದ್ರೂ ಹಾಕ್ಸು."

ದೇವೀರಮ್ಮ ಊರು ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಬ್ಯಾರನ್ನಿಗೆ ಕಡ್ಡಿಗಳನ್ನು ಏರಿಸುವ ಕೆಲಸ ಮುಗಿಯುತ್ತ ಬಂದಿತ್ತು. ನಿಂಗೇಗೌಡರು ಸುರುಳಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, ಯಾರು ಕೊಟ್ಟದ್ದು ಎಂದು ಕೇಳಿದರು. ತಿಳಿದ ಮೇಲೆ ಬೇಡವೆನ್ನಲಿಲ್ಲ. ಅಳತೆ ಸಾಕಾಗಲ್ಲ ಕನಮ್ಮಿ ಎಂದಷ್ಟೇ ಹೇಳಿ ಬಾಗಿಲಿನಿಂದ ಪಕ್ಕಕ್ಕೆ ಸರಿದರು.

ಜವರಮ್ಮ ಎದ್ದು ಜೊತೆಗೆ ಬಂದಳು. ಇಬ್ಬರೂ ತೂಗುತ್ತಿದ್ದ ಹಸಿ ಸೊಪ್ಪಿನ ಕೆಳಗೆ ಬಗ್ಗಿಕೊಂಡು ಒಳಕ್ಕೆ ಹೋದರು. ಬಲೆಯನ್ನು ಬಿಡಿಸಿ ಕೊಳವೆಯ ಮೇಲೆ ಹಾಸಿ ನಾಲ್ಕು ಮೂಲೆಗೆ ತಂತಿ ಬಿಗಿದರು. ಟೀವಿಯಲ್ಲಿ ತೋರಿಸಲೆಂದು ಕತ್ತರಿಸಿದ ತುಂಡು ಅದು. ಒಲೆಯಿಂದ ಒಳಕ್ಕೆ ಬರುವ ಮೊದಲ ತಿರುವು ಮುಚ್ಚುವಷ್ಟರಲ್ಲಿ ಮುಗಿದುಹೋಯಿತು. ಅಲ್ಲಿಂದ ಮುಂದಕ್ಕೆ, ಆಚೆ ಗೋಡೆಯವರೆಗೆ ಹೋಗಿ ತಿರುಗಿ ಬರುವ ಕೊಳವೆ ಉದ್ದಕ್ಕೂ ಬರಿದಾಗಿಯೇ ಇತ್ತು.

ಹೊರಗೆ ಗೌಡರು ಒಲೆಗೆ ಮೊದಲ ಸೌದೆ ನೂಕಿದರು. ದೇವೀರಮ್ಮ ಬಾಗಿಲಲ್ಲಿ ನಿಂತು, ಗೋಡೆಯ ಬದಿಯ ಮಾಡಿನಲ್ಲಿ ಯಾವ ಮಗುವೂ ಮಲಗಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಖಾಲಿ ಚೀಲವನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿ, ಚಪ್ಪರಕ್ಕೆ ಬಂದು, ಕೂತು, ಎಲೆಗೆ ಕೈ ಹಾಕಿದಳು.